ಮೋಸ ಅನ್ನೋದು ಜಾಸ್ತಿ ಆಯ್ತು

ಬಾಸ್ಕೆಟ್‌ಬಾಲ್ ಆಟಗಾರ ಜಯಾನ್ ವಿಲಿಯಮ್ಸನ್ ಒಂದೇ ವರ್ಷಕ್ಕೆ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಬಿಟ್ಟು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗಿದ್ದು ಅಭಿಮಾನಿಗಳಿಗೆ ಮಾಡಿದ ಮೋಸ ಎಂದು ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. 2019ರ ಫೆಬ್ರವರಿಯಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎದುರು ಆಡಿದ ಪಂದ್ಯ ನೆನಪಿದೆಯಾ? ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಅವನ ಎಡಗಾಲಿನ ಶೂ ಹರಿದು ಬಾಯಿಬಿಟ್ಟಿತು, ಪಾದ ಹೊರಗೆ ಬಂತು, ಬಲಮಂಡಿ ಉಳುಕಿತು. ಒಬಾಮಾ ಕೂಡ ನೋಡಲು ಬಂದಿದ್ದ ಪಂದ್ಯ ಅದು, ಟಿಕೆಟ್‌ಗೆ ಸಾವಿರಾರು ಡಾಲರ್. ಆಡುವ ಹುಡುಗನಿಗೆ ಮಾತ್ರ ಸಂಬಳವಿರಲಿಲ್ಲ! ಆಟಗಾರರು ತಮ್ಮ ಹೆಸರಿನಿಂದ ದುಡಿಯಲು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಅವಕಾಶ ಕೊಟ್ಟಿದ್ದೇ 2021ರಲ್ಲಿ.

ಅಷ್ಟಕ್ಕೂ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಹೋಗುವ ದಾರಿ ಮುಚ್ಚಿದ್ದು ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2005ರ ಒಪ್ಪಂದ. ಅದು ಇಲ್ಲದಿದ್ದರೆ ನಮಗೆ ಆ ಒಂದು ವರ್ಷವೂ ಸಿಗುತ್ತಿರಲಿಲ್ಲವೇನೋ, ಅಲ್ವಾ? ಗಾಯವಾದ ಮೇಲೆ ಸುಮ್ನೆ ಕೂರಬಹುದಿತ್ತು, ಹಾಗೆ ಸಲಹೆ ಕೊಟ್ಟವರೂ ಇದ್ದರು. ಆದರೂ ಮರಳಿ ಬಂದು ಡ್ಯೂಕ್ ಆಡುವ ಕಾಲೇಜು ಗುಂಪಾದ ಎಸಿಸಿಯ ಟೂರ್ನಿ ಗೆಲ್ಲಿಸಿಕೊಟ್ಟ. ಆಮೇಲೆ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಮಿಷಿಗನ್ ಸ್ಟೇಟ್ ಎದುರು 68-67ರಲ್ಲಿ ಸೋತ ದಿನ ನನಗೂ ಊಟ ಸೇರಲಿಲ್ಲ. ಆದರೆ ಆ ಸಿಟ್ಟನ್ನು ಹದಿನೆಂಟರ ಹುಡುಗನ ಮೇಲೆ ಯಾಕೆ ತೀರಿಸಿಕೊಳ್ಳಬೇಕು?