ಬೆಂಗಳೂರು–ಮಂಗಳೂರು ವಿಮಾನ: ಹಾರೋದು ಮುಕ್ಕಾಲು ಗಂಟೆ, ಹೋಗೋದು ಅರ್ಧ ದಿನ

ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗ ಅಂತ ಹಿಡಿದು ಭಾಗಿಸಿದರೆ 23 ನಿಮಿಷ. ಏರೋದಕ್ಕೆ, ಇಳಿಯೋದಕ್ಕೆ ಅಂತ ಇನ್ನೊಂದಿಷ್ಟು ಸೇರಿಸಿ, “ಮುಕ್ಕಾಲು ಗಂಟೆ ಅಷ್ಟೇ ಭಾವ, ಸುಮ್ನೆ ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ” ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕ ನಂಬಿ ಟಿಕೆಟ್ ತೆಗೆಯಬೇಡಿ ಅನ್ನೋದು ನನ್ನ ವಾದ.

ಮೊದಲು ವಿಮಾನದ ಕಥೆಯನ್ನೇ ನೋಡಿ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಪೂರ್ವದ ಗಾಳಿ ಇರುವ ದಿನ ಮಂಗಳೂರಿಗೆ ಹೊರಟ ವಿಮಾನ ಮೊದಲು ಕೋಲಾರದ ಕಡೆ ಮುಖ ಮಾಡಿ ಹಾರಿ, ಆಮೇಲೆ ತಿರುಗಿಕೊಳ್ಳುತ್ತದೆ. ಇಷ್ಟು ಹತ್ತಿರದ ದಾರಿಯಲ್ಲಿ ಜೆಟ್‌ಗೆ ಪೂರ್ತಿ ವೇಗದಲ್ಲಿ ಓಡಲು ಹೊತ್ತೇ ಸಿಗೋದಿಲ್ಲ. ಏರಿ ಮುಗಿಯುವಷ್ಟರಲ್ಲಿ ಇಳಿಯೋದು ಶುರು. ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುವ, ಫ್ಯಾನ್ ಇರುವ ಎಟಿಆರ್ ಅನ್ನೋ ಸಣ್ಣ ವಿಮಾನ ಕೂಡ ತುಂಬಾ ಹಿಂದೆ ಬೀಳೋದಿಲ್ಲ.

ಟಿಕೆಟ್ ಮೇಲೆ ಇರೋದು ಬೇರೆಯೇ ಸಮಯ. ನಿಂತ ಜಾಗದಿಂದ ವಿಮಾನ ಕದಲಿದಾಗಿಂದ ಆ ಕಡೆ ಹೋಗಿ ನಿಲ್ಲುವ ತನಕದ್ದು. ಬ್ಲಾಕ್ ಟೈಮ್ ಅಂತಾರೆ. ರನ್‌ವೇ ಸರದಿಗೆ ಕಾಯೋದೂ ಅದರೊಳಗೇ ಬರುತ್ತದೆ. ಕಂಪನಿಗಳು ಅದರಲ್ಲಿ ಸ್ವಲ್ಪ ಸಡಿಲ ಇಟ್ಟಿರುತ್ತವೆ. “ಹತ್ತು ನಿಮಿಷ ಮೊದಲೇ ತಲುಪಿದ್ದೇವೆ” ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ಆ ಹತ್ತು ನಿಮಿಷ ಮೊದಲೇ ಸೇರಿಸಿಟ್ಟದ್ದು!

ಹೋಗಲಿ, ನಿಜವಾದ ದೂರ ಇರೋದು ನೆಲದ ಮೇಲೆ. 2008ರ ಮೇ ತನಕ ವಿಮಾನ ಹತ್ತೋದು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲೇ ಆಗಿತ್ತು. ಈಗ ಕೆಂಗೇರಿಯವರು ದೇವನಹಳ್ಳಿಗೆ ಸುಮಾರು 50 ಕಿ.ಮೀ. ಹೋಗಬೇಕು. ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು ಹತ್ತಿದರೂ ಹೆಬ್ಬಾಳದ ಟ್ರಾಫಿಕ್ ತಪ್ಪೋದಿಲ್ಲ. ಅದರ ಮೇಲೆ ಚೆಕ್-ಇನ್, ಸೆಕ್ಯೂರಿಟಿ.

ಪುತ್ತೂರಿನವರ ಪಾಡು ಕೇಳಲೇಬೇಡಿ. ಬಸ್ಸು ಶಿರಾಡಿ ಘಾಟಿ ಇಳಿದು, ನೆಲ್ಯಾಡಿ, ಉಪ್ಪಿನಂಗಡಿ ದಾಟಿಯೇ ಮಂಗಳೂರಿಗೆ ಹೋಗೋದು. ಉಪ್ಪಿನಂಗಡಿಯಲ್ಲಿ ಇಳಿದರೆ ಪುತ್ತೂರು ಹತ್ತು-ಹನ್ನೆರಡು ಕಿ.ಮೀ. ವಿಮಾನದಲ್ಲಿ ಬಂದವರು ಆ ಸೀಮೆಯನ್ನೆಲ್ಲ ಮೇಲಿಂದಲೇ ದಾಟಿ ಬಜ್ಪೆಯಲ್ಲಿ ಇಳಿದು, ಟ್ಯಾಕ್ಸಿ ಮಾಡಿಕೊಂಡು ಬಂದ ದಿಕ್ಕಿಗೇ ವಾಪಸ್ ಹೋಗಬೇಕು. ಬಾಡಿಗೆಯೂ ಕಡಿಮೆಯೇನಲ್ಲ.

ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು, ನಿಜ. ಆದರೆ ಅದು ನಿದ್ದೆಯ ಲೆಕ್ಕಕ್ಕೆ ಹೋಗುತ್ತದೆ, ರಜೆಯ ಲೆಕ್ಕಕ್ಕಲ್ಲ. (ಸಕಲೇಶಪುರ ದಾಟಿ ಘಾಟಿಯ ತಿರುವು ಶುರುವಾದ ಮೇಲೆ ನಿದ್ದೆ ಬರುತ್ತಾ ಅನ್ನೋದು ಬೇರೆ ಪ್ರಶ್ನೆ.) ದೇವನಹಳ್ಳಿ ಕಡೆಯ ಯಲಹಂಕದಲ್ಲಿದ್ದು ಬಜ್ಪೆ ಕಡೆಯ ಕಾವೂರಿಗೆ ಹೋಗುವವರಿಗೆ ವಿಮಾನವೇ ಸರಿ. ಹೊರದೇಶದಿಂದ ಬಂದು ಬೆಂಗಳೂರಲ್ಲಿ ವಿಮಾನ ಬದಲಿಸುವವರಿಗೂ ಸರಿ. ಅವರು ಹೇಗೂ ನಿಲ್ದಾಣದೊಳಗೇ ಇರ್ತಾರೆ.

ಉಳಿದವರಿಗೆ ವಿಮಾನ ನೆನಪಾಗೋದು ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದಾಗ. ಬಸ್ಸುಗಳು ಚಾರ್ಮಾಡಿಯನ್ನೋ ಮಡಿಕೇರಿಯನ್ನೋ ಸುತ್ತಿ ಬರುತ್ತವೆ. ಘಾಟಿಯ ರೈಲು ಹಳಿ ಮೇಲೂ ಮಣ್ಣು ಬಿದ್ದಿರುತ್ತದೆ. ಆಗ ಟಿಕೆಟ್ ದರ ನೋಡಬೇಕು! ಅಷ್ಟು ಕೊಟ್ಟು ಹತ್ತಿದರೂ ಗ್ಯಾರಂಟಿ ಇಲ್ಲ. ಬಜ್ಪೆಯದು ಗುಡ್ಡದ ನೆತ್ತಿಯ ಟೇಬಲ್‌ಟಾಪ್ ರನ್‌ವೇ, ಉದ್ದ 2450 ಮೀಟರ್. ಮೋಡ ಕವಿದು ರನ್‌ವೇ ಕಾಣದಿದ್ದರೆ ಪೈಲಟ್ ಹಟ ಮಾಡೋದಿಲ್ಲ, ಮಾಡಲೂಬಾರದು. ಮೇಲೆ ಕೆಲವು ಸುತ್ತು ಹೊಡೆದು ವಾಪಸ್ ದೇವನಹಳ್ಳಿಗೇ ಬಂದದ್ದೂ ಉಂಟು.