ಶುಕ್ರವಾರದ ಬಂಗುಡೆ

ಮಂಗಳೂರಿನಲ್ಲಿ ಇದ್ದುಕೊಂಡು, ಮಾಂಸ ಬಿಟ್ಟು ಮೀನು ತಿನ್ನುವುದಕ್ಕೆ ತಪಸ್ಸು ಎಂದು ಹೆಸರಿಡಬೇಕಾದರೆ ಸ್ವಲ್ಪ ಧೈರ್ಯ ಬೇಕು. ಕ್ಯಾಥೊಲಿಕರಾದ ನಮಗೆ ಆ ಧೈರ್ಯ ಹುಟ್ಟಿನಿಂದಲೇ ಬಂದಿದೆ. ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲದಲ್ಲಿ, ಅದರ ಮೊದಲ ದಿನವಾದ ಬೂದಿ ಬುಧವಾರ ಮತ್ತು ಎಲ್ಲ ಶುಕ್ರವಾರ ಕೋಳಿ, ಆಡು, ಹಂದಿ ಯಾವುದೂ ಇಲ್ಲ. ಮೀನು ಆಗಬಹುದು. 14 ವರ್ಷ ತುಂಬಿದವರಿಗೆಲ್ಲ ಇದೇ ನಿಯಮ.

ಈ ನಿಯಮ ಮಾಡಿದವರು ನಮ್ಮ ಬಂದರಿನಲ್ಲಿ ಮೀನು ಇಳಿಸುವ ದಕ್ಕೆ ನೋಡಿದವರಲ್ಲ. ಅವರ ಕಾಲಕ್ಕೆ ಮಾಂಸ ಅಂದರೆ ಹಬ್ಬದೂಟ, ಮೀನು ಅಂದರೆ ಸಾದಾ ಊಟ. ಇಲ್ಲಿ ಎಲ್ಲ ತಲೆಕೆಳಗು. ಹೋಟೆಲಿನಲ್ಲಿ ಒಂದು ತುಂಡು ಅಂಜಲ್ ಮೀನಿನ ತವಾ ಫ್ರೈಗೆ ಹಾಕುವ ರೇಟಿನಲ್ಲಿ ಮನೆಮಂದಿಗೆಲ್ಲ ಕೋಳಿ ಸುಕ್ಕ ಆಗುತ್ತದೆ. ಮಾಂಜಿ, ಅಂದರೆ ಪಾಂಫ್ರೆಟ್, ಅದರ ಮಾತು ಎತ್ತುವುದೇ ಬೇಡ. ಬೂತಾಯಿಗೆ ಮಾತ್ರ ಇನ್ನೂ ಸ್ವಲ್ಪ ಬಡವರ ಮೀನು ಎಂಬ ಹೆಸರು ಉಳಿದಿದೆ, ಅದೂ ಸೀಸನ್ನಿನಲ್ಲಿ. ಹಾಗಾಗಿ ಶುಕ್ರವಾರ ದೇಹ ದಂಡಿಸುತ್ತೇವೆ ಎಂದು ಹೊರಟರೆ ದಂಡ ಬೀಳುವುದು ಪರ್ಸಿಗೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯನಿಗೆ ಇದು ವರ್ಷಕ್ಕೊಮ್ಮೆ ಬರುವ ಖುಷಿ. ಉಡುಪಿಯ ರಥಬೀದಿಯ ಹತ್ತಿರ, ಈರುಳ್ಳಿಯೂ ಒಳಗೆ ಬಾರದ ಮನೆಯಲ್ಲಿ ಹುಟ್ಟಿದವನು ಅವನು. ಈಗ ಯಾವ ದೇವರನ್ನೂ ನಂಬುವುದಿಲ್ಲ, ಆದರೆ ನನ್ನ ಟಿಫಿನ್ನಿನ ಬಂಗುಡೆ ಪುಳಿಮುಂಚಿಯನ್ನು ಪೂರ್ತಿ ನಂಬುತ್ತಾನೆ. ಪವಾಡಗಳ ಗುಟ್ಟು ಬಿಚ್ಚಿಡುವ ನರೇಂದ್ರ ನಾಯಕರ ಕಾರ್ಯಕ್ರಮಗಳನ್ನು ಕಾಲೇಜಿನ ದಿನಗಳಲ್ಲಿ ಮೊದಲ ಸಾಲಿನಲ್ಲಿ ಕೂತು ನೋಡಿದವನು. "ಬಂಗುಡೆ ತಿಂದು ಉಪವಾಸ ಮಾಡುವ ಧರ್ಮ ಆದರೆ ನಾನೂ ಸೇರ್ತೇನೆ ಮಾರಾಯ್ರೇ" ಎನ್ನುತ್ತಾನೆ. ಇದು ಉಪವಾಸ ಅಲ್ಲ, ಮಾಂಸ ಬಿಡುವುದು ಮಾತ್ರ. ನಿಜವಾದ ಉಪವಾಸ ಬೂದಿ ಬುಧವಾರ ಮತ್ತು ಗುಡ್ ಫ್ರೈಡೇ ಎರಡೇ ದಿನ, ಅದು 18ರಿಂದ 59 ವರ್ಷದವರೆಗೆ ಎಂದು ನಾನು ವಿವರಿಸಿದೆ. "ಓಹೋ, ಸರ್ಕಾರಿ ನೌಕರಿಗಿಂತ ಒಂದು ವರ್ಷ ಮೊದಲೇ ರಿಟೈರ್‌ಮೆಂಟ್" ಎಂದ. ಇಂಥವನಿಗೆ ಕಾಯಿದೆ ಹೇಳಬಾರದು.

ಬೂದಿ ಬುಧವಾರ ಅವನಿಗೆ ಇನ್ನೂ ಇಷ್ಟ. ಹಿಂದಿನ ವರ್ಷ, ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಆ ಬೂದಿ ಮಾಡುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುತ್ತೀ ಎನ್ನುತ್ತಾ ಪಾದ್ರಿಗಳು ಅದನ್ನು ಹಣೆಗೆ ಹಚ್ಚುತ್ತಾರೆ. "ನಿಮ್ಮ ಇಡೀ ಧರ್ಮದಲ್ಲಿ ನಾನು ಒಪ್ಪುವ ಮಾತು ಇದೊಂದೇ. ಇದಕ್ಕೆ ಪ್ರೂಫ್ ಉಂಟು" ಎನ್ನುತ್ತಾನೆ.

ಆದರೆ ಅವನ ಕಣ್ಣಿಗೆ ಬೀಳದ ಒಂದು ತಮಾಷೆ ಅದೇ ಪೂಜೆಯಲ್ಲಿದೆ. ಆವತ್ತು ಓದುವ ಮತ್ತಾಯನ ಸುವಾರ್ತೆಯಲ್ಲಿ ಯೇಸು, ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ ಎನ್ನುತ್ತಾನೆ. ಅದನ್ನು ಕೇಳಿದ ಬೆನ್ನಿಗೇ ನಾವು ಸಾಲಾಗಿ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ! ಈಗ ಅದನ್ನು ಒರೆಸಬೇಕಾ, ಇಟ್ಟುಕೊಳ್ಳಬೇಕಾ? ಹಾಗೇ ಆಫೀಸಿಗೆ ಬಂದರೆ ತೋರಿಕೆ. ಒರೆಸಿಕೊಂಡು ಬಂದರೆ ನಾಚಿಕೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಾರ್ಚಿನ ಮಂಗಳೂರಿನಲ್ಲಿ ಬೆವರು ಈ ಪ್ರಶ್ನೆಯನ್ನು ಹಂಪನಕಟ್ಟೆ ತಲುಪುವುದರೊಳಗೆ ಬಗೆಹರಿಸಿರುತ್ತದೆ.

ಮುಚ್ಚಿಡುವುದಂತೂ ಈ ಊರಿನಲ್ಲಿ ಆಗದ ಮಾತು. ಸೋಮವಾರ ಯಾರು ಮೀನು ತಿನ್ನುವುದಿಲ್ಲ, ಸಂಕ್ರಮಣಕ್ಕೆ ಯಾರ ಮನೆಯಲ್ಲಿ ಬರೀ ಸಾರು, ಎಲ್ಲ ಎಲ್ಲರಿಗೂ ಗೊತ್ತು. 2025ರಲ್ಲಿ ರಂಜಾನ್ ಮತ್ತು ಬೂದಿ ಬುಧವಾರ ಒಂದೇ ವಾರದಲ್ಲಿ ಬಂದಾಗ ಕ್ಯಾಂಟೀನಿನವನು ಅರ್ಧ ಆಫೀಸು ಎಲ್ಲಿ ಹೋಯಿತು ಎಂದು ಗೋಳಾಡಿದ್ದ. ಗೆಳೆಯನಂತೂ ನನ್ನ ಶುಕ್ರವಾರಗಳನ್ನು ನನಗಿಂತ ಚೆನ್ನಾಗಿ ನೆನಪಿಡುತ್ತಾನೆ. ಪಾರ್ಟಿಯಲ್ಲಿ ಕೋಳಿ ಘೀ ರೋಸ್ಟ್ ಪ್ಲೇಟು ನನ್ನ ಕಡೆಗೆ ಬಂದರೆ "ಇವರಿಗೆ ಇವತ್ತು ಆಗುವುದಿಲ್ಲ" ಎಂದು ಅವನೇ ಮುಂದಕ್ಕೆ ದಾಟಿಸುತ್ತಾನೆ. ದೇವರೇ ಇಲ್ಲ ಎನ್ನುವವನಿಗೆ ದೇವರ ನಿಯಮದ ಮೇಲೆ ಎಷ್ಟೊಂದು ಕಾಳಜಿ, ಅಲ್ವಾ?

ಹೋದ ತಪಸ್ಸುಕಾಲದಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿದ. ತಿಂಗಳ ಪ್ರಯಾಣ ಬಿಲ್ಲು ಬರೆಯುವ ದಿನ ಅದು. "ಮಾಂಸ ಬಿಟ್ರಿ, ಸರಿ. ಬಿಲ್ಲಿನಲ್ಲಿ ಕಿಲೋಮೀಟರ್ ಜಾಸ್ತಿ ಬರೆಯುವುದನ್ನು ಯಾರಾದರೂ ಬಿಟ್ರಾ?" ಪ್ರಶ್ನೆ ನನಗೆ, ಆದರೆ ಸೆಕ್ಷನ್ನಿನ ಎಲ್ಲ ಪೆನ್ನುಗಳೂ ಒಮ್ಮೆ ನಿಂತವು. ಅವನಿಗೆ ಗೊತ್ತಿಲ್ಲ, ಇದು ಸುಮಾರು ಎರಡೂವರೆ ಸಾವಿರ ವರ್ಷದ ಹಳೆಯ ಪ್ರಶ್ನೆ. ಬೂದಿ ಬುಧವಾರ ಕಳೆದು ಬರುವ ಮೊದಲ ಶುಕ್ರವಾರವೇ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೂ ನಿಮ್ಮ ವ್ಯವಹಾರ ನೋಡಿಕೊಳ್ಳುತ್ತೀರಿ, ಕೆಲಸದವರನ್ನು ಹಿಂಡುತ್ತೀರಿ, ಜಗಳಕ್ಕೆ ಮುಷ್ಟಿ ಎತ್ತುತ್ತೀರಿ, ಇದನ್ನು ಉಪವಾಸ ಅನ್ನುತ್ತೀರಾ ಎಂದು ದೇವರು ಕೇಳುತ್ತಾನೆ. ಹಸಿದವನಿಗೆ ನಿನ್ನ ರೊಟ್ಟಿಯಲ್ಲಿ ಪಾಲು ಕೊಡು, ನನಗೆ ಬೇಕಾದ ಉಪವಾಸ ಅದು ಎನ್ನುತ್ತಾನೆ. ಬಂಗುಡೆಯೋ ಕೋಳಿಯೋ ಎಂಬ ಚರ್ಚೆ ಇಡೀ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಯೆಶಾಯ ನಮ್ಮ ಆಫೀಸಿನಲ್ಲಿದ್ದರೆ ಕೂರುತ್ತಿದ್ದುದು ಗೆಳೆಯನ ಮೇಜಿನ ಕಡೆಗೇ ಎಂದು ನನ್ನ ಅನುಮಾನ.

ಪಾಲು ಕೊಡುವುದೂ ಈಗ ಸುಲಭದ ಕೆಲಸ ಅಲ್ಲ. ಮೊದಲು ಆಸ್ಪತ್ರೆಯಲ್ಲಿ ಪಕ್ಕದ ಮಂಚದ ರೋಗಿಗೆ ಎರಡು ಕಿತ್ತಳೆ ಕೊಟ್ಟರೆ ಕಿತ್ತಳೆ ಮಾತ್ರ ಕಾಣುತ್ತಿತ್ತು. ಈಗ ಕೊರಳಿನ ಶಿಲುಬೆಯೂ ಕಾಣುತ್ತದೆ, ಇದರ ಹಿಂದೆ ಏನೋ ಇರಬಹುದು ಎಂಬ ಸಂಶಯವೂ ಬರುತ್ತದೆ. ಇದಕ್ಕೆ ವಾದ ಮಾಡಿ ಪ್ರಯೋಜನ ಇಲ್ಲ. ಸಂಶಯ ಪಟ್ಟವರು ನೋಡುತ್ತಿರಲಿ, ನಾವು ಕಿತ್ತಳೆ ಕೊಡುತ್ತಿರಬೇಕು, ಅಷ್ಟೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದ ಫಾದರ್ ಆಗಸ್ಟಸ್ ಮುಲ್ಲರ್, ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಗೆಳೆಯನಿಗೆ ಹೋಮಿಯೋಪಥಿಯ ಮೇಲೂ ನಂಬಿಕೆ ಇಲ್ಲ. ಆದರೆ ಯಾರೂ ಹತ್ತಿರ ಸೇರಿಸದವರನ್ನು ಆ ಮನುಷ್ಯ ಸೇರಿಸಿಕೊಂಡರು ಎಂಬುದರಲ್ಲಿ ಅವನ ತಕರಾರು ಇಲ್ಲ. ಈಗ ಅವರ ಹೆಸರಿನಲ್ಲಿರುವ ಆಸ್ಪತ್ರೆಯ ಮುಂದೆ ಬಸ್ಸು ಹೋಗುವಾಗ ಅವನೇ ನನಗೆ ಈ ಕಥೆ ಹೇಳಿದ್ದು, ನನಗೆ ಗೊತ್ತಿಲ್ಲ ಎಂದುಕೊಂಡು.

ಯೆಶಾಯನ ಮಾತು ಮನೆಯಲ್ಲಿ ಹೇಳಿದ್ದೇ ಎಡವಟ್ಟಾಯಿತು. ಹೆಂಡತಿ ಲೆಕ್ಕದಲ್ಲಿ ಗಟ್ಟಿ. ಹಾಗಾದರೆ ತಪಸ್ಸುಕಾಲದ ಶುಕ್ರವಾರ ಮೀನೂ ಬೇಡ, ಉಳಿದ ದುಡ್ಡು ದಾನಕ್ಕೆಂದು ಚರ್ಚಿನವರು ಕೊಟ್ಟ ಕವರಿಗೆ ಹೋಗಲಿ ಎಂದಳು. ಕವರ್ ದಪ್ಪವಾಗತೊಡಗಿತು, ನನ್ನ ಟಿಫಿನ್ನಿಗೆ ಬಸಳೆ ಬಂತು. ಮೊದಲ ಶುಕ್ರವಾರ ಗೆಳೆಯ ಮುಚ್ಚಳ ತೆಗೆದು ನೋಡಿದ, ಕೆಳಗಿನ ಡಬ್ಬಿಯನ್ನೂ ತೆಗೆದ. ಅಲ್ಲಿ ಅನ್ನ ಇತ್ತು. "ಪಾಪ ನಿಮ್ಮದು, ತಪಸ್ಸು ನಿಮ್ಮದು. ಇದರಲ್ಲಿ ನಾನ್ಯಾಕೆ ಬಸಳೆ ತಿನ್ನಬೇಕು ಮಾರಾಯ್ರೇ?" ಎಂದು ಕೇಳುತ್ತಲೇ ತಟ್ಟೆ ಮುಂದಿಟ್ಟ.