ಹೈಲಾರ್ ಚಳಿಗೆ ಮೊದಲು ಸಾಯೋದು ಫೋನು

ಚಳಿಯನ್ನ ಹೇಗೋ ತಡ್ಕೋಬಹುದು ಮಾರಾಯ್ರೆ. ಚೀನಾದ ಒಳ ಮಂಗೋಲಿಯಾ ಪ್ರಾಂತ್ಯದ ಹೈಲಾರ್‌ನಲ್ಲಿ ಜನವರಿಗೆ ಮೈನಸ್ 30 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಇನ್ನೂ ಉತ್ತರದ ಗೆನ್‌ಹೆಯವರಂತೂ ತಮ್ಮೂರನ್ನ ಚೀನಾದ ಶೀತಧ್ರುವ ಅಂತ ಹೆಮ್ಮೆಯಿಂದ ಕರ್ಕೊಳ್ತಾರೆ. ನನ್ನ ಸಂಕಟ ಬೇರೆ. ಇಲ್ಲಿ ಬದುಕೆಲ್ಲ ಫೋನಿನೊಳಗಿದೆ, ಆ ಫೋನಿಗೇ ಈ ಚಳಿ ಆಗಲ್ಲ.

ಕೆಲಸ ಮುಗಿಸಿ ಹೊರಗೆ ಬಂದಾಗ ಬ್ಯಾಟರಿ 60 ಪರ್ಸೆಂಟ್ ಇರುತ್ತೆ. ಟ್ಯಾಕ್ಸಿ ಕರೆಯೋಣ ಅಂತ ಗ್ಲೌಸ್ ಕಳಚಿ (ಹಾಕ್ಕೊಂಡೇ ಒತ್ತಿದ್ರೆ ಸ್ಕ್ರೀನು ಕ್ಯಾರೇ ಅನ್ನಲ್ಲ) ಎರಡು ಸಲ ಒತ್ತೋದ್ರೊಳಗೆ ಫೋನು ಆಫ್! ಲಿಥಿಯಂ ಬ್ಯಾಟರಿ ಚಳಿಗೆ ಕೈಚೆಲ್ಲುತ್ತೆ, ಬೆಚ್ಚಗಾದ್ರೆ ಏನೂ ಆಗದವರ ಹಾಗೆ ಎದ್ದು ಕೂರುತ್ತೆ. ಸರಿ, ಬೆಚ್ಚಗೆ ಮಾಡೋಕೆ ಅಂಗಡಿಯೊಳಗೆ ನುಗ್ಗಿದ್ರೆ ಏನಾದ್ರೂ ಕೊಳ್ಳಬೇಕಲ್ಲ? ಕೊಳ್ಳೋಕೆ ಕ್ಯೂಆರ್ ಸ್ಕ್ಯಾನ್ ಮಾಡಬೇಕು. ನೂರು ಯುವಾನ್ ನೋಟು ಚಾಚಿದ್ರೆ ಅಂಗಡಿಯಮ್ಮನ ಮುಖ ನೋಡ್ಬೇಕು! ನಗದು ನಿರಾಕರಿಸೋದು ಚೀನಾದಲ್ಲಿ ಕಾನೂನಿಗೆ ವಿರುದ್ಧ. ಅವಳು ಬೇಡ ಅನ್ನಲ್ಲ, ಚಿಲ್ಲರೆ ಇಲ್ಲ ಅಂತಾಳೆ, ಅಷ್ಟೇ.

ಈಗ ಫೋನಿನ ಬೆನ್ನಿಗೆ ಬಿಸಿಪಟ್ಟಿ ಅಂಟಿಸಿ, ಬನಿಯನ್ನಿನೊಳಗೆ ಇಟ್ಕೊಂಡು ಬಾಣಂತಿ ಆರೈಕೆ ಮಾಡ್ತಿದ್ದೀನಿ.

ಇಷ್ಟೆಲ್ಲ ಮಾಡಿ ರೂಮಿಗೆ ಬಂದ್ರೆ ವಾಟ್ಸಾಪ್‌ಗೆ ಇಲ್ಲಿ ತಡೆ. ಅಮ್ಮ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಕೂರ್ತಾಳೆ, ಇಲ್ಲಿ ಆಗ ಮಧ್ಯರಾತ್ರಿ. ಇಲ್ಲಿನವರ ಚಾಟ್ ಆ್ಯಪ್ ವೀಚಾಟ್ ಹಾಕ್ಕೋ ಅಂದ್ರೆ ಅದು ಭಾರತದಲ್ಲಿ 2020ರಿಂದ ನಿಷೇಧ. ಎರಡೂ ಸರ್ಕಾರ ಸೇರಿ ನನ್ನಮ್ಮನ ಮೇಲೆ ಯಾಕಪ್ಪ ಹಗೆ ಸಾಧಿಸ್ತಿವೆ?